ಕಾಫಿಸೀಮೆಯ ಅಂತ್ಯವಿಧಿಯಲ್ಲಿ ಪುಷ್ಪವ್ಯಯದ ಚರಿತ್ರೆ

ತೊಟ್ಟಿಲಿಗೂ ಮದುವೆಗೂ ಬೇಕಾದ ಹಣವನ್ನು ಗೃಹಸ್ಥನು ಮುಂಚಿತವಾಗಿಯೇ ಎಣಿಸಿಡುತ್ತಾನೆ. ತನ್ನ ಮನೆಯಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದ ದಿನಕ್ಕೆ ಬೇಕಾಗುವ ಹಣವನ್ನು ಎಣಿಸುವುದಕ್ಕೆ ಮಾತ್ರ ಅವನ ಮನಸ್ಸು ಒಪ್ಪದು. ಹಾಗೆ ಎಣಿಸುವುದೇ ಅಶುಭವೆಂಬ ಶಂಕೆಯು ಅವನನ್ನು ತಡೆಯುತ್ತದೆ. ಆ ದಿನವು ಬಂದಾಗ ಅವನು ಎಣಿಸುವ ಸ್ಥಿತಿಯಲ್ಲಿರುವುದಿಲ್ಲ. ಎಣಿಸತಕ್ಕ ಕೆಲಸವು ನೆಂಟರಿಷ್ಟರ ಕೈಗೆ ಹೋಗುತ್ತದೆ. ತೆರತಕ್ಕ ಕೆಲಸವು ಮಾತ್ರ ಅವನಿಗೆ ಉಳಿಯುತ್ತದೆ. ಈ ಮಹೋತ್ಸವದ ಸಂಚಿಕೆಯಲ್ಲಿ ಶ್ರೀಮಠದ ಗುರುಪರಂಪರೆಯನ್ನೂ ದಾಸೋಹದ ಮಹಿಮೆಯನ್ನೂ ಕುರಿತು ನನಗಿಂತ ಬಲ್ಲವರು ಬರೆಯುವವರಿದ್ದಾರೆ. ಆದುದರಿಂದ ನಾನು ಚಿಕ್ಕದೆಂದು ತೋರುವ ಒಂದು ವಿಷಯವನ್ನು ಆರಿಸಿಕೊಂಡೆನು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಭಕ್ತರ ಮನೆಗಳಲ್ಲಿ ಅಂತ್ಯವಿಧಿಯ ಹೂವಿಗೆ ಆಗತಕ್ಕ ವೆಚ್ಚವು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಅದಕ್ಕೆ ಮಿತಿಯನ್ನು ಎಲ್ಲಿ ಇಡಬಹುದು ಎಂಬುದೇ ಆ ವಿಷಯವು.

ಮೊದಲು ಪದ್ಧತಿಯು ಏನನ್ನು ಬೇಡುತ್ತದೆಂಬುದನ್ನು ನೋಡೋಣ. ಲಿಂಗೈಕ್ಯರಾದವರ ಕಾಯಕ್ಕೆ ಸ್ನಾನ ಮಾಡಿಸಿ, ವಿಭೂತಿಯನ್ನು ಧರಿಸಿ, ಕುಳಿತ ಭಂಗಿಯಲ್ಲಿ ಇರಿಸಿ, ವಿಮಾನದಲ್ಲಿ ಕುಳ್ಳಿರಿಸಿ, ವಾದ್ಯಘೋಷದೊಡನೆ ರುದ್ರಭೂಮಿಗೆ ಕರೆದೊಯ್ಯುವುದು. ಅಲ್ಲಿ ಅಗೆದ ಸಮಾಧಿಯ ಗೂಡಿನೊಳಗೆ ಕುಳ್ಳಿರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಇರಿಸಿ, ಬಿಲ್ವಪತ್ರೆಯನ್ನೂ ವಿಭೂತಿಯ ಗಟ್ಟಿಗಳನ್ನೂ ಸುತ್ತ ತುಂಬಿ, ಮಣ್ಣು ಕೊಡುವುದು. ಇದು ಎಲ್ಲರೂ ಬಲ್ಲ ಸಂಗತಿಯೇ. 1909ರಲ್ಲಿ ಮದರಾಸಿನಲ್ಲಿ ಅಚ್ಚಾದ ಥರ್ಸ್ಟನ್ ಸಾಹೇಬರ ದಕ್ಷಿಣದೇಶದ ಜಾತಿಗಳ ಗ್ರಂಥದಲ್ಲಿಯೂ ನಮ್ಮವರ ಸಮಾಧಿಕ್ರಿಯೆಯ ವರ್ಣನೆ ಬಂದಿದೆ. ಗುಂಡಿಯೊಳಗೆ ಇಡತಕ್ಕ ವಸ್ತುಗಳೆಂದು ಅಲ್ಲಿ ಹೇಳಿರುವುದು ಬಿಲ್ವ ವಿಭೂತಿಗಳನ್ನೇ. ಅಂಗೈಯ ಲಿಂಗಕ್ಕೆ ಏರಿಸುವುದಕ್ಕೆ ಹೂವು ಬೇಕು, ನಿಜ. ಆದರೆ ಅದು ಒಂದು ಬೊಗಸೆಯನ್ನು ಮೀರದು. ಮಿಕ್ಕ ಹೂವೆಲ್ಲವೂ ವಿಮಾನದ್ದು. ವಿಮಾನದ ಹೂವು ಹೋಗುವವರಿಗಾಗಿ ಅಲ್ಲ, ಬೀದಿಯಲ್ಲಿ ನಿಂತು ನೋಡುವವರಿಗಾಗಿ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆಯು ನಮ್ಮಲ್ಲಿ ಉಂಟು. ಆ ಗಾದೆಯನ್ನು ಇಂದಿನ ಜನರು ಶರಣರ ಸಂಪತ್ತನ್ನು ಮರಣದಲ್ಲಿ ನೋಡು ಎಂಬುದಾಗಿ ತಿದ್ದಿಕೊಂಡಂತೆ ಕಾಣುತ್ತದೆ.

ಪೂರ್ವಕಾಲದಲ್ಲಿ ಈ ಮಲೆಸೀಮೆಯಲ್ಲಿ ಹೂವನ್ನು ಕೊಂಡವರೇ ಇರಲಿಲ್ಲ. ಹಿತ್ತಿಲಲ್ಲಿ ನಂದಿಬಟ್ಟಲು, ಕಣಗಿಲೆ, ದಾಸವಾಳ. ಬೇಲಿಯ ಬದಿಯಲ್ಲಿ ತುಂಬೆ. ಅಂಗಳದ ಅಂಚಿನಲ್ಲಿ ಮರುಗ, ಪಚ್ಚೆ. ಮನೆಯ ಹಿಂದೆ ಒಂದು ಸಂಪಿಗೆಯ ಮರ. ಬೇಸಗೆಯಾದರೆ ಮಲ್ಲಿಗೆ, ಮಳೆಗಾಲದ ಕೊನೆಗಾದರೆ ಡೇರೆ, ಕಾರ್ತಿಕವಾದರೆ ಸೇವಂತಿಗೆ. ಡೇರೆಯು ಮೆಕ್ಸಿಕೋ ದೇಶದಿಂದ ಬಂದ ಗಿಡವೆಂದರೆ ನಮ್ಮ ಮಲೆನಾಡಿನ ತಾಯಂದಿರು ನಂಬಲಾರರು. ಅಷ್ಟರಮಟ್ಟಿಗೆ ಅದು ಇಲ್ಲಿಯ ಹಿತ್ತಿಲಿನದೇ ಆಗಿಹೋಗಿದೆ. ಮಾಘ ಫಾಲ್ಗುಣಗಳಲ್ಲಿ ಕಾಡಿನಲ್ಲಿ ಸುರಗಿಯು ಅರಳುವುದು. ಈ ಸುರಗಿಗೂ ರಂಜೆಗೂ ಒಂದು ವಿಶೇಷವಾದ ಗುಣವುಂಟು: ಒಣಗಿದ ಮೇಲೆಯೂ ಗಂಧವು ಹೋಗದು. ಆದಕಾರಣ ಹೆಂಗಸರು ಸುರಗಿಯ ಸರಗಳನ್ನು ಒಣಗಿಸಿ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಡುತ್ತಿದ್ದರು. ಆಷಾಢದ ಜಡಿಮಳೆಯಲ್ಲಿ ಹಿತ್ತಿಲಿನಲ್ಲಿ ಒಂದು ಮೊಗ್ಗೂ ಸಿಕ್ಕದಿರುವಾಗ ಆ ಪೆಟ್ಟಿಗೆಯೇ ಹೂದೋಟವಾಗುತ್ತಿತ್ತು.

ಸಾವಿನ ಸುದ್ದಿ ಮುಟ್ಟಿದೊಡನೆ ಪ್ರತಿಯೊಂದು ಮನೆಯಿಂದಲೂ ಒಂದೊಂದು ಮೊರದಷ್ಟು ಹೂವೋ ಪತ್ರೆಯೋ ಬರುತ್ತಿತ್ತು. ಬಾಳೆಯ ನಾರಿನಲ್ಲಿ ಅದನ್ನು ಕಟ್ಟಲು ನೆರೆಮನೆಯ ಹೆಂಗಸರೇ ಕೂರುತ್ತಿದ್ದರು. ಗದ್ದೆಯ ಕೆಲಸಕ್ಕೆ ಮುಯ್ಯಾಳು ಹೋಗುವುದು ನಮ್ಮ ಸೀಮೆಯ ಪುರಾತನ ಪದ್ಧತಿ. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಹೂವೂ ಅದೇ ಮುಯ್ಯಿಯ ಲೆಕ್ಕದಲ್ಲಿ ನಡೆಯುತ್ತಿತ್ತು. ಬಯಲುಸೀಮೆಯ ಊರುಗಳಲ್ಲಾದರೋ ಹೂಗಾರರ ಮನೆತನಗಳಿದ್ದವು. ಅವರು ವರ್ಷವಿಡೀ ಭಕ್ತರ ಮನೆಗಳಿಗೆ ಹೂವು ಪತ್ರೆಗಳನ್ನು ಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳನ್ನು ಪಡೆಯುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನ ಹೆಸರು ಬರುವುದರಿಂದ ಈ ಕಾಯಕದ ಪ್ರಾಚೀನತೆಯು ತಿಳಿಯಬರುತ್ತದೆ. ಎರಡು ಕಡೆಯಲ್ಲಿಯೂ ಸಾವಿನ ದಿನ ಗಂಟಿನಿಂದ ನಾಣ್ಯವನ್ನು ಬಿಚ್ಚಿ ಹೂವಿಗೆ ಕೊಡತಕ್ಕ ಪ್ರಸಂಗವು ಇರಲಿಲ್ಲ.

ಹಾಗೆಂದು ನಮ್ಮ ಹಿರಿಯರಿಗೆ ಹೂವಿನ ಲೆಕ್ಕ ತಿಳಿಯದೆಂದು ಭಾವಿಸಕೂಡದು. 1901ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟವನ್ನು (1947ರವರೆಗೆ ನಮ್ಮ ಜಿಲ್ಲೆಗೆ ಅದೇ ಹೆಸರಿದ್ದಿತು) ತೆರೆದು ನೋಡಿದರೆ ದೇವರ ಅಂಗಭೋಗಕ್ಕೆ, ನೈವೇದ್ಯಕ್ಕೆ, ದೀವಿಗೆಗೆ ಬಿಟ್ಟ ದತ್ತಿಗಳು ಕಾಣುತ್ತವೆ. ಕನ್ನಡನಾಡಿನ ಶಾಸನಗಳಲ್ಲಿ ಹೂವಿನ ತೋಟಕ್ಕೆಂದೇ ಭೂಮಿಯನ್ನು ಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ನಿತ್ಯದ ಹೂವಿಗೆ ನಿತ್ಯದ ಉತ್ಪತ್ತಿಯನ್ನು ಮೊದಲು ನಿಶ್ಚಯಿಸಿ, ಅನಂತರ ಹೂವನ್ನು ಏರಿಸಿದರು. ಉತ್ಪತ್ತಿಯಿಲ್ಲದ ವೆಚ್ಚವನ್ನು ಕಲ್ಲಿನಲ್ಲಿ ಬರೆಯಿಸಿದವರು ಯಾರೂ ಇಲ್ಲ. ಕೆಳದಿಯ ಶಿವಪ್ಪನಾಯಕನ ಶಿಸ್ತು ಎಂಬ ಕಂದಾಯದ ಕ್ರಮವನ್ನು ಇಲ್ಲಿ ಸ್ಮರಿಸುವುದು ಉಚಿತವಾಗಿದೆ. ಹದಿನೇಳನೆಯ ಶತಮಾನದ ಆ ವೀರಶೈವ ಅರಸನು ಊರೂರಿನಲ್ಲಿ ಬಗೆಬಗೆಯ ಭೂಮಿಯನ್ನು ತನ್ನ ಖರ್ಚಿನಿಂದಲೇ ಹಲವು ವರ್ಷ ಸಾಗುಮಾಡಿಸಿ, ಬೀಜವೆಷ್ಟು, ವೆಚ್ಚವೆಷ್ಟು, ಬೆಳೆಯೆಷ್ಟು ಎಂಬುದನ್ನು ಬರೆಯಿಸಿಟ್ಟು, ಅದರ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಪ್ರಸಿದ್ಧಿಯಿದೆ. ಅರಸನೇ ಮೊದಲು ವೆಚ್ಚವನ್ನು ತಿಳಿದು ಆಮೇಲೆ ಕೈಚಾಚಿದನು. ನಾವು ಮೊದಲು ಕೈಚಾಚಿ ಆಮೇಲೆ ವೆಚ್ಚವನ್ನು ತಿಳಿಯುತ್ತೇವೆ.

ಕಾಫಿಯು ಬಂದ ಮೇಲೆ ಈ ಸೀಮೆಯ ವ್ಯವಹಾರವು ಬೇರೆಯಾಯಿತು. ಬಾಬಾಬುಡನ್‌ರು ಹದಿನೇಳನೆಯ ಶತಮಾನದಲ್ಲಿ ಏಳು ಬೀಜಗಳನ್ನು ತಂದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿಯನ್ ತೋಟಗಾರರು ಬಂದು ಕಾಡನ್ನು ತೋಟವಾಗಿಸಿದರು. ಅವರನ್ನು ನೋಡಿ ನಮ್ಮವರೂ ಬೆಳೆದರು. ಗದ್ದೆಯ ಕಾಳಿನಿಂದ ನಡೆಯುತ್ತಿದ್ದ ಸಂಸಾರವು ಕಾಫಿಯ ನಾಣ್ಯದಿಂದ ನಡೆಯತೊಡಗಿತು. ಕಾಳು ಕೊಟ್ಟು ಹೂವು ಪಡೆಯುವ ಪದ್ಧತಿಗೂ ಮುಯ್ಯಿಯ ಪದ್ಧತಿಗೂ ಅಲ್ಲಿಂದಲೇ ಬಲ ಕುಂದಿತು. ಸಾಹೇಬರ ಸಮಾಧಿಗಳ ಮೇಲೆ ಹೂಚಕ್ರವನ್ನು ಇಡುವ ಪದ್ಧತಿಯನ್ನು ಜನರು ಕಂಡುದೂ ಆ ಕಾಲದಲ್ಲಿಯೇ. ಇಂದು ನಮ್ಮ ಹಿರಿಯರ ಪಾದದ ಬಳಿ ಸಂಘಸಂಸ್ಥೆಗಳವರು ಒಂದೊಂದಾಗಿ ಇಡುವ ಹೂಚಕ್ರಗಳ ಗೋತ್ರವು ಅದು. ಆಗಮಗಳಲ್ಲಿ ಹುಡುಕಿದರೆ ಸಿಕ್ಕದು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆನು. ಹೂಮಳೆಯು ಬಿದ್ದ ಒಂದೆರಡು ವಾರಗಳೊಳಗೆ, ಚೈತ್ರದ ಆಸುಪಾಸಿನಲ್ಲಿ, ಬೆಟ್ಟವಿಡೀ ಕಾಫಿಯ ಹೂವಿನಿಂದ ಬೆಳ್ಳಗಾಗುವುದು. ಗಂಧವು ಮಲ್ಲಿಗೆಯದೇ. ಎರಡು ಮೂರು ದಿನಗಳ ಆ ವೈಭವದ ನಡುವೆ ಒಂದು ಮನೆಯಲ್ಲಿ ಸಾವಾದರೆ, ಆ ಮನೆಯವರು ಮೂಡಿಗೆರೆಯ ಪೇಟೆಗೆ ಹೂವಿಗಾಗಿ ಆಳನ್ನು ಅಟ್ಟುವರೇ ಹೊರತು ಬಾಗಿಲ ಮುಂದಿನ ಗಿಡದಿಂದ ಒಂದು ಗೊಂಚಲನ್ನೂ ಮುರಿಯರು. ಏಕೆಂದರೆ ಅದರಲ್ಲಿ ಪ್ರತಿಯೊಂದು ಹೂವೂ ಒಂದು ಹಣ್ಣು, ಹಣ್ಣಿನಲ್ಲಿ ಎರಡು ಬೀಜ, ಬೀಜದಲ್ಲಿ ವರ್ಷದ ಅನ್ನ. ಇದರಲ್ಲಿ ತಪ್ಪೇನೂ ಇಲ್ಲ. ಹೂವಿಗೆ ಬೆಲೆಯಿದೆಯೆಂಬುದನ್ನು ಕಾಫಿಯ ಗಿಡದ ಮುಂದೆ ಅಷ್ಟು ಚೆನ್ನಾಗಿ ಬಲ್ಲವರು ಪೇಟೆಯ ಹೂವಿನ ಮುಂದೆ ಏಕೆ ಮರೆಯುತ್ತಾರೆಂಬುದಷ್ಟೇ ನನ್ನ ಪ್ರಶ್ನೆ.

ಕಾಫಿ ಮಂಡಳಿಯು 1940ರ ದಶಕದ ಆರಂಭದಲ್ಲಿ ಏರ್ಪಟ್ಟ ಮೇಲೆ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಗೆ ಒಪ್ಪಿಸಿ, ಹಣವನ್ನು ಕಂತುಕಂತಾಗಿ ಪಡೆಯುತ್ತಿದ್ದರು. ಕಂತಿನ ಹಣವನ್ನು ಹಲವರು ಶಪಿಸಿದರು. ಆದರೆ ಅದರಿಂದ ಒಂದು ಉಪಕಾರವೂ ಆಯಿತು. ಮುಂದಿನ ಕಂತು ಯಾವಾಗ ಬರುವುದೋ ತಿಳಿಯದಿದ್ದುದರಿಂದ ಮನೆಮನೆಯಲ್ಲಿಯೂ ಲೆಕ್ಕದ ಪುಸ್ತಕವಿದ್ದಿತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿತು. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳಿಗೆ ಹಿಮ ಬಿದ್ದು ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. ನಮ್ಮ ಸೀಮೆಯಲ್ಲಿ ಒಮ್ಮೆಗೇ ಹಣವು ಕೈಗೆ ಬಂತು. ವಿಮಾನವು ಹೂವಿನ ಗೋಪುರವಾದುದು ಆ ವರ್ಷಗಳಲ್ಲಿಯೇ ಎಂಬುದನ್ನು ನಾನು ಕಣ್ಣಾರೆ ಕಂಡೆನು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆಯು ನೆಲಕಚ್ಚಿತು. ಗೋಪುರವು ಮಾತ್ರ ಇಳಿಯಲಿಲ್ಲ. ಒಮ್ಮೆ ಏರಿಸಿದ ಮರ್ಯಾದೆಯನ್ನು ಇಳಿಸುವುದು ಕಷ್ಟ. ತೋಟದ ಲೈನುಗಳಲ್ಲಿ ವಾಸಿಸುವ ಕೂಲಿಯ ಜನರೂ ಧಣಿಗಳ ವಿಮಾನವನ್ನು ನೋಡಿ, ವಾರದ ಬಟವಾಡೆಯ ಮೇಲೆ ಮುಂಗಡವನ್ನು ಪಡೆದು, ಹೂವು ತರಿಸತೊಡಗಿದರು.

ಪರರ ದೋಷವನ್ನು ಹೇಳಿ ನನ್ನದನ್ನು ಮುಚ್ಚಿಡುವುದು ಧರ್ಮವಲ್ಲ. ನನ್ನ ತೀರ್ಥರೂಪರು ಲಿಂಗೈಕ್ಯರಾದುದು ಆ ಏರಿಕೆಯ ಕಾಲದಲ್ಲಿ, ಶ್ರಾವಣದ ಮಳೆಯಲ್ಲಿ, ವರಮಹಾಲಕ್ಷ್ಮಿಯ ಹಬ್ಬಕ್ಕೆ ಎರಡು ದಿವಸ ಮುಂಚೆ. ಆಗ ನಾನು ಪಾಠಶಾಲೆಯ ವ್ಯಾಸಂಗವನ್ನು ಮುಗಿಸಿ ಬಂದ ತರುಣನು. ಊರಿನಲ್ಲಿ ಪಂಡಿತನೆನಿಸಿಕೊಳ್ಳಬೇಕೆಂಬ ಹಂಬಲವಿದ್ದಿತು. ತಂದೆಯವರ ವಿಮಾನವು ನೆರೆಯ ತೋಟದವರದಕ್ಕಿಂತ ಕಡಿಮೆಯಾಗಕೂಡದೆಂದು ಹಟ ಹಿಡಿದು, ದೂರದ ನಗರದ ಹೂವಿನಂಗಡಿಯೊಂದಕ್ಕೆ ಹೇಳಿಕಳುಹಿಸಿದೆನು. ಹಬ್ಬದ ಮುನ್ನಾದಿನಗಳಾದುದರಿಂದ ಅವರು ಹೇಳಿದ್ದೇ ಬೆಲೆಯಾಯಿತು. ಕೈಯಲ್ಲಿದ್ದ ಹಣ ಸಾಲದೆ, ಬರತಕ್ಕ ಬೆಳೆಯ ಮೇಲೆ ವ್ಯಾಪಾರಿಯೊಬ್ಬರಿಂದ ಮುಂಗಡವನ್ನು ತಂದೆನು. ಹೂವನ್ನು ಹೊತ್ತ ಜೀಪು ಮಳೆಯಲ್ಲಿ ದಾರಿಯಲ್ಲಿ ಸಿಕ್ಕಿಕೊಂಡಿತು. ಬೆಳಗಿನಲ್ಲಿ ಹೊರಡತಕ್ಕ ವಿಮಾನವು ಮಧ್ಯಾಹ್ನ ಕಳೆದರೂ ಹೊರಡಲಿಲ್ಲ; ಬಂದ ಭಕ್ತರು ಜಗಲಿಯಲ್ಲಿ ನೆನೆಯುತ್ತ ಕುಳಿತರು. ಆಗ ನನ್ನ ತಾಯಿಯವರು ಒಳಗಿನಿಂದ ಬಂದು, “ಮಗಾ, ಅವರ ಕೈಯಲ್ಲಿ ಲಿಂಗವಿದೆ. ಇನ್ನು ಯಾರಿಗಾಗಿ ಕಾಯಿಸುತ್ತೀಯೆ?” ಎಂದರು. ನಾನು ಉತ್ತರ ಕೊಡಲಿಲ್ಲ, ಕಾಯಿಸಿದೆನು. ಸಂಜೆಗೆ ಬಂದ ಮೂಟೆಗಳನ್ನು ಬಿಚ್ಚಿದರೆ ಅರ್ಧಕ್ಕರ್ಧ ಹೂವು ಕೊಳೆತು ಬಿಸಿಯಾಗಿದ್ದಿತು. ಕತ್ತಲಾಗುವ ಹೊತ್ತಿಗೆ, ದೀಪ ಹಿಡಿದುಕೊಂಡು, ತಂದೆಯವರಿಗೆ ಮಣ್ಣು ಕೊಟ್ಟೆವು. ಅವರ ಕೊರಳಲ್ಲಿ ಇದ್ದುದು ತಾಯಿಯವರು ಪೆಟ್ಟಿಗೆಯಿಂದ ತೆಗೆದು ತಾವೇ ಹಾಕಿದ ಒಣಸುರಗಿಯ ಸರವೊಂದು. ನನ್ನ ಹೂವಿನ ಸಾಲವನ್ನು ಎರಡು ಬೆಳೆಗಳಲ್ಲಿ ತೀರಿಸಿದವರೂ ಅವರೇ. ಆ ಎರಡು ವರ್ಷ ಮನೆಯ ಹೆಂಚು ತಿರುವಿಸಲು ಹಣವಿರಲಿಲ್ಲ. ಒಂದು ದಿನವೂ ಆಡಿ ತೋರಿಸಲಿಲ್ಲ.

ಈ ವ್ಯಾಮೋಹವು ನಮ್ಮೊಬ್ಬರದೇ ಎಂದು ತಿಳಿಯಬೇಕಾದುದಿಲ್ಲ. ಕ್ರಿಸ್ತಪೂರ್ವ 450ರ ಸುಮಾರಿನಲ್ಲಿ ರೋಮಾಪುರದವರು ಹನ್ನೆರಡು ಫಲಕಗಳಲ್ಲಿ ಬರೆಯಿಸಿದ ಧರ್ಮಶಾಸನದಲ್ಲಿ ಅಂತ್ಯವಿಧಿಯ ಆಡಂಬರಕ್ಕೆ ಹಲವು ಕಟ್ಟುಗಳಿದ್ದವು. ಅವುಗಳಲ್ಲಿ ಉದ್ದವಾದ ಹೂಮಾಲೆಗಳು ಕೂಡದು ಎಂಬುದೂ ಒಂದೆಂದು ಅವರ ಪಂಡಿತನಾದ ಸಿಸೆರೋ ಹೇಳಿದ್ದಾನೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಮಾಲೆಯ ಉದ್ದವು ರಾಜ್ಯದ ಚಿಂತೆಯಾಗಿದ್ದಿತೆಂದರೆ ನಗುವೂ ಬರುತ್ತದೆ, ಸಮಾಧಾನವೂ ಆಗುತ್ತದೆ. ಇಂಗ್ಲಿಷರ ವೃತ್ತಪತ್ರಿಕೆಗಳಲ್ಲಿ ಮರಣವಾರ್ತೆಯ ಕೊನೆಗೆ ಹೂವು ಬೇಡವೆಂದು ಮನೆಯವರೇ ಅಚ್ಚುಹಾಕಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಹೂವಿಗೆ ಬದಲಾಗಿ ಆಸ್ಪತ್ರೆಗೋ ಅನಾಥಾಲಯಕ್ಕೋ ಹಣ ಕಳುಹಿಸಿರೆಂದು ಬೇಡುವುದೂ ಉಂಟು. ಸಾಹೇಬರಿಂದ ಹೂಚಕ್ರವನ್ನು ಕಲಿತ ನಾವು ಇದನ್ನೂ ಕಲಿಯಬಹುದಾಗಿದ್ದಿತು.

ಇನ್ನು ಲೆಕ್ಕದ ಮಾತು. ಘಟ್ಟದ ಕೆಳಗೆ ಶಂಕರಪುರದ ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಮಾರುವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿ ಎಣಿಕೆಯುಂಟು. ನಮ್ಮಲ್ಲಿ ಕಟ್ಟಿದ ಹೂವಿಗೆ ಮೊಳ ಮಾರುಗಳೇ ಅಳತೆ, ಅಳೆಯುವುದು ಮಾರುವವನ ತೋಳು; ತೋಳು ಗಿಡ್ಡವಾದಷ್ಟೂ ಮಾರು ಗಿಡ್ಡ. ಇರಲಿ, ಒಂದು ಮಾರಿಗೆ ಆರು ಅಡಿಯೆಂದೇ ಇಟ್ಟುಕೊಳ್ಳೋಣ. ವಿಮಾನಕ್ಕೆ ನಾಲ್ಕು ಕಂಬ. ಕಂಬದ ಎತ್ತರ ಆರು ಅಡಿ, ಸುತ್ತಳತೆ ಒಂದು ಅಡಿ. ಎರಡೆರಡು ಅಂಗುಲಕ್ಕೆ ಒಂದು ಸುತ್ತಿನಂತೆ ಒತ್ತಾಗಿ ಸುತ್ತಿದರೆ ಒಂದು ಕಂಬಕ್ಕೆ 36 ಸುತ್ತು, ಎಂದರೆ ಸುಮಾರು 6 ಮಾರು. ನಾಲ್ಕು ಕಂಬಗಳಿಗೆ 24 ಮಾರು. ಆರಾರು ಅಂಗುಲಕ್ಕೆ ಒಂದರಂತೆ ಬಿಡಿಯಾಗಿ ಸುತ್ತಿದರೆ 12 ಸುತ್ತು, 2 ಮಾರು. ನಾಲ್ಕಕ್ಕೂ ಸೇರಿ 8 ಮಾರು. ನಡುವೆ ಕಾಣುವ ಕಂಬಕ್ಕೆ ಬಾಳೆಯ ಪಟ್ಟೆಯನ್ನೋ ತೆಂಗಿನ ಗರಿಯನ್ನೋ ಕಟ್ಟಿದರೆ ಹತ್ತು ಗಜದ ದೂರದಿಂದ ನೋಡುವವನಿಗೆ ಭೇದವು ತಿಳಿಯದು. ಸುತ್ತುವವರ ಕೈ ಒಂದಿಷ್ಟು ಅಗಲವಾದರೆ ಮೂರರಲ್ಲಿ ಎರಡು ಪಾಲು ಹಣ ಉಳಿಯುತ್ತದೆ. ಇಷ್ಟು ಸುಲಭವಾದ ಲೆಕ್ಕವನ್ನು ಸಾವಿನ ಮನೆಯಲ್ಲಿ ನಿಂತು ಮಾಡಲಾಗದು. ಆದುದರಿಂದಲೇ ಇಲ್ಲಿ ಬರೆದಿದ್ದೇನೆ.

ಮಿತಿಯನ್ನು ಇಡುವಾಗ ಮಾರಿನ ಲೆಕ್ಕದಲ್ಲಿ ಇಡದೆ ಹಣದ ಲೆಕ್ಕದಲ್ಲಿ ಇಡುವುದು ಲೇಸೆಂದು ನನ್ನ ಅಭಿಪ್ರಾಯ. ಮೃತ್ಯುವು ಪೇಟೆಯ ಧಾರಣೆಯನ್ನು ಕೇಳಿಕೊಂಡು ಬರುವುದಿಲ್ಲ. ಹಬ್ಬದ ಹಿಂದಿನ ದಿನ ಒಂದು ಮಾರಿಗೆ ಕೊಡುವ ಹಣದಲ್ಲಿ ಹಬ್ಬ ಕಳೆದ ಮೂರನೆಯ ದಿನ ಹಲವು ಮಾರು ಬರಬಹುದು. ಇಷ್ಟು ರೂಪಾಯಿ ಎಂಬುದನ್ನು ಮನೆಯ ಯಜಮಾನನೂ ಯಜಮಾನಿತಿಯೂ ಕೂಡಿ ಆರೋಗ್ಯದಲ್ಲಿರುವಾಗಲೇ ನಿಶ್ಚಯಿಸಿ, ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಬೇಕು. ಆ ಹಣಕ್ಕೆ ಬಂದಷ್ಟು ಹೂವು, ಮಿಕ್ಕುದಕ್ಕೆ ಸೊಪ್ಪು. ಅದನ್ನು ನಡೆಸುವ ಭಾರವನ್ನು ಮನೆಯವರಲ್ಲದ ಒಬ್ಬ ಹಿರಿಯರಿಗೆ ಒಪ್ಪಿಸಬೇಕು. ಏಕೆಂದರೆ ದುಃಖದಲ್ಲಿರುವ ಮಗನು ಸಾಕೆಂದು ಹೇಳಲಾರನು. ಹೇಳಿದರೆ ತಂದೆಗೆ ಕಡಿಮೆ ಮಾಡಿದನೆಂಬ ಅಪವಾದವು ಬರುತ್ತದೆ. ಹಿರಿಯರು ಹೇಳಿದರೆ ಅಪವಾದವು ಹಿರಿಯರಿಗೆ. ಅವರು ಅದನ್ನು ತಾಳಬಲ್ಲರು. ಈ ಮಾತಿಗೆ ಒಬ್ಬ ಭಕ್ತರು ನನ್ನೊಡನೆ ವಾದಿಸಿದರು: ಹೂ ಬೆಳೆಯುವವರ, ಕಟ್ಟುವವರ ಹೊಟ್ಟೆಯ ಮೇಲೆ ಹೊಡೆಯುವಿರಾ ಎಂದು. ವಾದವು ಅಲ್ಲಗಳೆಯತಕ್ಕದ್ದಲ್ಲ. ಹೂವಿನ ಕಾಯಕವೂ ಕಾಯಕವೇ. ಆದರೆ ಒಬ್ಬರ ಕಾಯಕವು ನಡೆಯುವುದಕ್ಕಾಗಿ ಇನ್ನೊಬ್ಬರ ವಿಧವೆ ಸಾಲಗಾರಳಾಗಬೇಕೆಂದು ಯಾವ ಶರಣನೂ ಹೇಳಲಾರನು.

ಈಚಿನ ವರ್ಷಗಳಲ್ಲಿ ನಡೆದ ಮೂರು ಸಂಗತಿಗಳು ನನ್ನ ಮನಸ್ಸಿನಲ್ಲಿ ನಿಂತಿವೆ. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮರುದಿನ ಲಕ್ಷಾಂತರ ಭಕ್ತರ ನಡುವೆ ಅವರನ್ನು ರುದ್ರಾಕ್ಷಿಗಳಿಂದ ಅಲಂಕರಿಸಿದ ವಿಮಾನದಲ್ಲಿ ಕರೆದೊಯ್ದರು. ಹೂವೂ ಇದ್ದಿತು, ಆದರೆ ಜನರ ಕಣ್ಣಿನಲ್ಲಿ ಉಳಿದುದು ರುದ್ರಾಕ್ಷಿ. ರುದ್ರಾಕ್ಷಿಯು ಬಾಡುವುದಿಲ್ಲ, ಒಂದು ಸಾರಿ ಪೋಣಿಸಿದುದು ನೂರು ಮನೆಗಳಿಗೆ ಆಗುತ್ತದೆ. 2020ರ ಬೇಸಗೆಯಲ್ಲಿ ಮಹಾಮಾರಿಯ ನಿಮಿತ್ತ ಅಂತ್ಯವಿಧಿಗೆ 20 ಜನರಿಗಿಂತ ಹೆಚ್ಚು ಕೂಡಕೂಡದೆಂದು ಸರಕಾರದ ಕಟ್ಟಳೆಯಾಯಿತು. ಹೂವಿನ ಪೇಟೆಗಳು ಮುಚ್ಚಿದವು. ಬಯಲುಸೀಮೆಯ ಬೆಳೆಗಾರರು ಅರಳಿದ ಹೂವನ್ನು ಹೊಲದಲ್ಲಿಯೇ ಉತ್ತು ಮಣ್ಣಿಗೆ ಸೇರಿಸಿದರು. ಆ ತಿಂಗಳುಗಳಲ್ಲಿ ನಮ್ಮ ಸೀಮೆಯಲ್ಲಿ ತೀರಿಕೊಂಡ ಹಿರಿಯರಿಗೆ ಹಿತ್ತಿಲಿನ ನಂದಿಬಟ್ಟಲೂ ಬಿಲ್ವವೂ ದೊರೆತವು, ಅಷ್ಟೆ. ಅವರು ಶಿವಸಾಯುಜ್ಯವನ್ನು ಪಡೆಯಲಿಲ್ಲವೆಂದು ಹೇಳಿದವರನ್ನು ನಾನು ಕಾಣೆನು. ಮೂರನೆಯದು, 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರ ನಿರ್ಯಾಣ. ಅವರು ವರ್ಷಗಳ ಮುಂಚೆಯೇ ತಮ್ಮ ಇಚ್ಛೆಯನ್ನು ಪತ್ರವಾಗಿ ಬರೆದಿಟ್ಟಿದ್ದರು: ದೇಹವನ್ನು ಭೂಮಿಯಲ್ಲಿ ಇಡದೆ ಅಗ್ನಿಗೆ ಅರ್ಪಿಸತಕ್ಕದ್ದು, ಭಸ್ಮವನ್ನು ನೀರಿನಲ್ಲಿ ಬಿಡತಕ್ಕದ್ದು, ಸ್ಮಾರಕವನ್ನು ಕಟ್ಟತಕ್ಕದ್ದಲ್ಲ. ಸಮಾಧಿಯ ಪದ್ಧತಿಯನ್ನು ಬಿಡತಕ್ಕದ್ದೋ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ನಾನು ಸಮಾಧಿಯ ಪಕ್ಷದವನೇ. ನನಗೆ ಹಿಡಿಸಿದುದು ಅವರು ಬರೆದಿಟ್ಟರೆಂಬುದು. ಸರ್ವಸಂಗಪರಿತ್ಯಾಗಿಗಳು ತಮ್ಮ ಕೊನೆಯ ದಿನದ ಏರ್ಪಾಡನ್ನು ಕಾಗದದಲ್ಲಿ ಬರೆದಿಟ್ಟರೆ ಅಶುಭವಾಗಲಿಲ್ಲ. ಸಂಸಾರಿಗಳಾದ ನಾವು ನಾಲ್ಕು ಸಾಲು ಬರೆದರೆ ಏನಾದೀತು?

ಶ್ರೀಮಠದ ಗದ್ದುಗೆಯ ಹಿಂದೆ ಬಿಲ್ವದ ಮರಗಳಿವೆ. ಬಾವಿಯ ಬಳಿ ನಂದಿಬಟ್ಟಲು ಕಣಗಿಲೆಗಳ ಸಾಲಿದೆ. ಉತ್ತರದ ಬೇಲಿಗೆ ಒಂದು ಸುರಗಿಯ ಸಸಿಯನ್ನು ಹೋದ ಮಳೆಗಾಲದಲ್ಲಿ ನೆಟ್ಟಿದ್ದೇವೆ, ಚಿಗುರಿದೆ. ಸಾವಿನ ಮನೆಯವರು ಯಾವ ಜಾತಿಯವರಾಗಲಿ, ಯಾವ ತೋಟದ ಲೈನಿನವರಾಗಲಿ, ಬಂದು ಕೊಯ್ದುಕೊಂಡು ಹೋಗಬಹುದು. ಯಾರನ್ನೂ ಕೇಳಬೇಕಾದುದಿಲ್ಲ. ಹಿಂದಿನ ಬಾಗಿಲಿಗೆ ರಾತ್ರಿಯೂ ಅಗುಳಿ ಹಾಕುವುದಿಲ್ಲ. ಬುಟ್ಟಿಯು ಬಾವಿಯ ಕಟ್ಟೆಯ ಮೇಲೆಯೇ ಇರುತ್ತದೆ.